ಕಾಳಿ ದಡದ ಕಪ್ಪು ಗಾಜುಕಲ್ಲಿಗೆ ಮೆಲೋಸ್ ದ್ವೀಪದ ಮೂಲ ತೋರಿಸುತ್ತಿದೆ, ತಪ್ಪೆಲ್ಲಿ?

ಕೋಡಿಬಾಗದವ:
ಕಾಳಿ ನದಿ ಸಮುದ್ರ ಸೇರುವಲ್ಲಿ ಮರಳಿನೊಳಗೆ ಒಂದು ಕಪ್ಪು ಕಲ್ಲು ಸಿಕ್ಕಿತು. ಒಡೆದ ಅಂಚು ಗಾಜಿನಂತೆ ಹೊಳೆಯುತ್ತದೆ, ಕಪ್ಪೆಚಿಪ್ಪಿನಂಥ ಗೆರೆಗಳೂ ಇವೆ. ಆಬ್ಸಿಡಿಯನ್ (ಜ್ವಾಲಾಮುಖಿಯ ಗಾಜು) ಎಂದುಕೊಂಡು ಪರಿಚಯದವರ ಚಿನ್ನದಂಗಡಿಯ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ (ಕ್ಷ-ಕಿರಣ ಹಾಯಿಸಿ ಯಾವ ಧಾತು ಎಷ್ಟಿದೆ ಎಂದು ಹೇಳುವಂಥದ್ದು) ಇಡಿಸಿದೆ. ನೂರಕ್ಕೆ ಕಬ್ಬಿಣ 91, ಮ್ಯಾಂಗನೀಸ್ 5, ಟೈಟಾನಿಯಂ 3, ಉಳಿದದ್ದು ಜಿರ್ಕೋನಿಯಂ ಮತ್ತು ಸ್ಟ್ರಾನ್ಶಿಯಂ, ಒಟ್ಟು 100. ಕೊನೆಯ ಎರಡರ ಅನುಪಾತವನ್ನು ಆಬ್ಸಿಡಿಯನ್ ಸಿಗುವ ಮೂಲಗಳ ಪಟ್ಟಿಗೆ ಹೋಲಿಸಿದರೆ ಗ್ರೀಸಿನ ಮೆಲೋಸ್ ಅತಿ ಹತ್ತಿರ. ಕಲ್ಲನ್ನು ತಿರುಗಿಸಿ ಇಟ್ಟರೆ ಅನುಪಾತವೇ ಬೇರೆ. ಯಾವುದನ್ನು ನಂಬಲಿ?

ಶಿರಸಿ ತೋಟಿಗ:
ಎರಡನ್ನೂ ನಂಬಬೇಡಿ. ಚಿನ್ನದಂಗಡಿಯ ಯಂತ್ರ ಲೋಹದ ಲೆಕ್ಕಕ್ಕೆ ಹೊಂದಿಸಿದ್ದು. ಕಲ್ಲಿನ ಸಿಲಿಕಾವನ್ನು (ಮರಳಿನ ಮುಖ್ಯ ಅಂಶ) ಅದು ಎಣಿಕೆಗೇ ತೆಗೆದುಕೊಂಡಿಲ್ಲ. ಕಂಡ ಲೋಹಗಳನ್ನಷ್ಟೇ ಹಂಚಿ ನೂರು ಮಾಡಿದೆ. ಆಬ್ಸಿಡಿಯನ್‌ನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಿಲಿಕಾವೇ ಇರುತ್ತದೆ. ಇನ್ನು ಪಟ್ಟಿಯ ವಿಷಯ: ಅದರಲ್ಲಿ ನೀವು ಇಟ್ಟಿಗೆ ಚೂರನ್ನು ಹಾಕಿದರೂ 'ಅತಿ ಹತ್ತಿರದ್ದು' ಒಂದು ಬಂದೇ ಬರುತ್ತದೆ. ಎಷ್ಟು ಹತ್ತಿರ ಎಂದು ಕೇಳುವ ಅಭ್ಯಾಸ ನಮಗಿಲ್ಲ.

ಕುಮಟೆಯ ಮೇಷ್ಟ್ರು:
ಮೆಲೋಸ್ ಹೆಸರು ಕಂಡರೆ ಯಾರಿಗಾದರೂ ಆಸೆಯಾಗುತ್ತದೆ ಬಿಡಿ. ಗ್ರೀಸಿನ ಫ್ರಾಂಖ್ತಿ ಗುಹೆಯಲ್ಲಿ ಸಿಕ್ಕ ಮೆಲೋಸ್ ಚೂರುಗಳಿಂದಲೇ, ಬೇಸಾಯಕ್ಕೂ ಮೊದಲು ಜನ ಸಮುದ್ರ ದಾಟುತ್ತಿದ್ದರೆಂದು ತಿಳಿದದ್ದು. 1964ರಲ್ಲಿ ಕ್ಯಾನ್ ಮತ್ತು ರೆನ್‌ಫ್ರೂ ಎಂಬ ಸಂಶೋಧಕರು ಬೇರಿಯಂ, ಜಿರ್ಕೋನಿಯಂ ಮುಂತಾದ ಅಲ್ಪಾಂಶ ಧಾತುಗಳನ್ನು ಅಳೆದು ಈ ದಾರಿ ತೋರಿಸಿದರು. ಒಂದು ಜ್ವಾಲಾಮುಖಿಯ ಗಾಜಿನೊಳಗೆ ಇವುಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ, ಇನ್ನೊಂದರದ್ದು ಬೇರೆ. ನಿಮ್ಮ ಕಲ್ಲು ಮಗ್ಗುಲು ಬದಲಿಸಿದರೆ ಅನುಪಾತವನ್ನೂ ಬದಲಿಸುತ್ತದೆ. ನನಗೆ ಅನುಮಾನ ಅಲ್ಲೇ. ತೂಕ ನೋಡಿದ್ದೀರಾ? ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಒಣ ತೂಕವನ್ನು ಆಗ ಬಂದ ಸಂಖ್ಯೆಯಿಂದ ಭಾಗಿಸಿ, ಅದೇ ಕಲ್ಲಿನ ಸಾಂದ್ರತೆ, ಅಂದರೆ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು.

ಕೋಡಿಬಾಗದವ:
ಒಣ ತೂಕ 86 ಗ್ರಾಂ. ಮುಳುಗಿಸಿದರೂ 86 ಬಂತು!

ಕುಮಟೆಯ ಮೇಷ್ಟ್ರು:
ಕಲ್ಲು ಲೋಟದ ತಳಕ್ಕೆ ಕುಳಿತಿದೆ. ತೂಗುಬಿಡಿ, ಎಲ್ಲೂ ತಾಗಬಾರದು.

ಕೋಡಿಬಾಗದವ:
ಹೌದು ಸರ್, ಕುಳಿತಿತ್ತು. ಈಗ 24. ಅಂದರೆ ಸುಮಾರು 3.6.

ಶಿರಸಿ ತೋಟಿಗ:
ಆಬ್ಸಿಡಿಯನ್ 2.4ರ ಆಸುಪಾಸು. ಇದು ಕಬ್ಬಿಣ ಕರಗಿಸಿದ ಕಿಟ್ಟ. ಅಯಸ್ಕಾಂತ ಹಿಡಿದು ನೋಡಿ, ಒಳಗೆ ಕಬ್ಬಿಣದ ಹನಿಗಳು ಉಳಿದಿದ್ದರೆ ಎಳೆಯುತ್ತದೆ. ಮೊದಲೇ ಯೋಚಿಸಬೇಕಿತ್ತು: ನಮ್ಮದು ಗ್ರಾನೈಟ್, ನೈಸ್, ಚಿರೆಕಲ್ಲಿನ ನೆಲ. ಉತ್ತರಕ್ಕಿರುವ ದಖ್ಖನ್ ಲಾವಾ ಬಸಾಲ್ಟ್, ವಯಸ್ಸು ಸುಮಾರು 6.6 ಕೋಟಿ ವರ್ಷ. ಅಷ್ಟು ಕಾಲದಲ್ಲಿ ಗಾಜು ಸಾಮಾನ್ಯವಾಗಿ ಹರಳುಗಟ್ಟಿಬಿಡುತ್ತದೆ.

ಕೋಡಿಬಾಗದವ:
ಅಯಸ್ಕಾಂತ ಒಂದು ಮೂಲೆಗೆ ಅಂಟಿತು. ಬೇಸರವಾಯಿತು, ಆದರೂ ಬಿಡುವುದಿಲ್ಲ. ಅದೇ ಜಾಗದಲ್ಲಿ ಸಿಕ್ಕ ಇನ್ನೊಂದು ಕಪ್ಪು ಚೂರು ಇದೆ, ಅದು 2.5. ಇದಾದರೂ?

ಕುಮಟೆಯ ಮೇಷ್ಟ್ರು:
ಬಾಟಲಿ ಗಾಜೂ 2.5. ಇಲ್ಲಿ ತೂಕ ಸಾಲದು. ಖನಿಜಕ್ಕೆ ಹೊಂದಿಸಿದ ಯಂತ್ರವಾದರೆ ಕ್ಯಾಲ್ಸಿಯಂ, ಪೊಟ್ಯಾಸಿಯಂ ನೋಡಬಹುದು: ಬಾಟಲಿಯಲ್ಲಿ ಸುಣ್ಣ ಹೆಚ್ಚು, ಆಬ್ಸಿಡಿಯನ್‌ನಲ್ಲಿ ಪೊಟ್ಯಾಸಿಯಂ ಹೆಚ್ಚು. ಸದ್ಯಕ್ಕೆ ತೆಳುವಾದ ಅಂಚನ್ನು ಬಿಸಿಲಿಗೆ ಹಿಡಿಯಿರಿ. ಬಣ್ಣ ಯಾವುದು, ಗುಂಡಗಿನ ಗುಳ್ಳೆಗಳಿವೆಯೇ?

ಕೋಡಿಬಾಗದವ:
ಹಸಿರು. ಗುಳ್ಳೆಗಳೂ ಇವೆ. ಹಿಂದೆ ತಿರುಗಿಸಿದರೆ ಬಾಟಲಿಯ ತಳದ ತಗ್ಗು ಅರ್ಧ ಉಳಿದಿದೆ. ಇಷ್ಟು ದಿನ ಅದನ್ನು ಆದಿಮಾನವ ಕೆತ್ತಿದ ಗುರುತು ಎಂದು ಮನೆಯವರಿಗೆಲ್ಲ ತೋರಿಸುತ್ತಿದ್ದೆ.