ಹಳೆಯ ಮನೆಯ ಕಮರದ ತೊಲೆಗಳಿಂದ ಏನು ಮಾಡಿಸಬಹುದು?

ಹೊಳಲ್ಕೆರೆಯಿಂದ ಕೇಳಿದವರು:
ತಾತನ ಕಾಲದ ಮಾಳಿಗೆ ಮನೆಯನ್ನು ಬಿಚ್ಚಿಸಿದಾಗ ಹತ್ತಡಿ ಉದ್ದದ ಆರು ತೊಲೆಗಳು ಸಿಕ್ಕಿವೆ. ಮನೆಯ ಹಿರಿಯರು ಅವನ್ನು ಕಮರ ಎನ್ನುತ್ತಾರೆ. ಒಂದನ್ನು ಸೀಳಿಸಲು ಒಯ್ದಾಗ ಸಾಮಿಲ್ಲಿನವರು ಅರ್ಧ ಅಡಿ ಕೊಯ್ದು, ಗರಗಸದ ಹಲ್ಲು ಹೋಯಿತೆಂದು ಹಿಂದಕ್ಕೆ ಕಳುಹಿಸಿದರು. ಹೊಸ ಮನೆಗೆ ಹೊಸ್ತಿಲು, ಬಾಗಿಲ ಚೌಕಟ್ಟು, ಸಾಧ್ಯವಾದರೆ ಒಂದು ಊಟದ ಮೇಜು ಮಾಡಿಸುವ ಆಸೆಯಿದೆ. ಈ ಮರದಲ್ಲಿ ಕೆಲಸ ಮಾಡಿದ ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಚಿತ್ರದುರ್ಗದ ಬಡಗಿಯೊಬ್ಬರು:
ಮೊದಲು ಅದು ಕಮರವೇ ಎಂದು ಖಚಿತಪಡಿಸಿಕೊಳ್ಳಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮತ್ತಿ, ಹೊನ್ನೆ, ಜಾಲಿ ಎಲ್ಲವನ್ನೂ ತೊಲೆಗೆ ಹಾಕಿದ್ದಾರೆ, ಒಲೆಯ ಹೊಗೆ ಕುಡಿದ ಮೇಲೆ ಎಲ್ಲದರ ಬಣ್ಣವೂ ಒಂದೇ. ತುದಿಯಿಂದ ಬೆರಳುದ್ದದ ಒಣ ಚೂರನ್ನು ತೆಗೆದು ಬಕೆಟ್ ನೀರಿಗೆ ಹಾಕಿದರೆ ಕಮರದ ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ಕಲ್ಲಿನಂತೆ ತಳ ಸೇರುತ್ತದೆ. ಹೊನ್ನೆಯಾದರೆ ತೇಲುತ್ತದೆ, ಅದು ನೆನೆದ ನೀರನ್ನು ಬಿಸಿಲಿಗೆ ಹಿಡಿದಾಗ ನೀಲಿ ಹೊಳಪೂ ಕಾಣುತ್ತದೆ. ಹೊಸದಾಗಿ ಕೊಯ್ದ ಮುಖ ಕಡುಗೆಂಪು ಕಂದು ಬಣ್ಣದ್ದಾಗಿದ್ದು, ನಡುನಡುವೆ ನೇರಳೆ ಛಾಯೆಯ ಗೆರೆಗಳಿದ್ದರೆ ನಿಮ್ಮ ಹಿರಿಯರ ಮಾತು ನಿಜ.

ತೇಗ ಘನ ಅಡಿಗೆ ಹದಿನೆಂಟು ಹತ್ತೊಂಬತ್ತು ಕೆ.ಜಿ. ತೂಗಿದರೆ ಕಮರ ಸುಮಾರು 30 ಕೆ.ಜಿ. ತೂಗುತ್ತದೆ. ನಿಮ್ಮ ತೊಲೆಗಳು ಎಂಟು ಇಂಚಿಗೆ ಆರು ಇಂಚಿನವಾದರೆ ಒಂದೊಂದೂ ನೂರು ಕೆ.ಜಿ. ಆಸುಪಾಸಿನದು; ಇಬ್ಬರೇ ಎತ್ತಲು ಹೋಗಬೇಡಿ.

ಸಾಮಿಲ್ಲಿನವರನ್ನು ದೂರುವಂತಿಲ್ಲ. ಈ ಮರದ ನಾರು ನೇರವಾಗಿ ಸಾಗದೆ ಒಂದು ಪದರ ಎಡಕ್ಕೆ, ಮುಂದಿನದು ಬಲಕ್ಕೆ ಓರೆಯಾಗಿ ಹೆಣೆದುಕೊಂಡಿರುತ್ತದೆ, ಆದ್ದರಿಂದ ಸಾಮಾನ್ಯ ಹಲ್ಲು ಬೇಗನೆ ಮೊಂಡಾಗುತ್ತದೆ. ಅದಕ್ಕಿಂತ ದೊಡ್ಡ ಶತ್ರು ಒಳಗೆ ಉಳಿದಿರುವ ಮೊಳೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ನಾಲ್ಕೂ ಮೈಗೆ ತಾಗುವಂತೆ ನಿಧಾನವಾಗಿ ಆಡಿಸಿ, ಎಳೆದ ಕಡೆಯಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಒಮ್ಮೆ ನಾನು ಒಂದೇ ತೊಲೆಯಿಂದ ಹದಿನೇಳು ಮೊಳೆ ಕಿತ್ತೆ. ಹದಿನೆಂಟನೆಯದು ಗರಗಸಕ್ಕೆ ಸಿಕ್ಕಿತು. ಆ ಮೇಲೆ ಕಾರ್ಬೈಡ್ ಹಲ್ಲಿನ ಬ್ಲೇಡ್ ಇರುವಲ್ಲಿಗೆ ಒಯ್ದು, ತಳ್ಳುವ ವೇಗವನ್ನು ಅರ್ಧಕ್ಕೆ ಇಳಿಸಿ ಕೊಯ್ಯಲು ಹೇಳಿ.

ಉಜ್ಜುಗೊರಡು ಹಾಕಿದಾಗ ಒಂದು ಗೇಣು ನುಣುಪಾಗಿ ಬಂದರೆ ಮುಂದಿನ ಗೇಣಿನಲ್ಲಿ ನಾರು ಕಿತ್ತು ಬರುತ್ತದೆ. ಕೊನೆಯ ಹದವನ್ನು ನಾವು ಈಗಲೂ ಗಾಜಿನ ಚೂರಿನಿಂದ ಕೆರೆದೇ ಮಾಡುತ್ತೇವೆ, ಗಾಜು ಮೊಂಡಾದರೆ ಇನ್ನೊಂದು ಚೂರು ಒಡೆದುಕೊಂಡರಾಯಿತು. ರಂಧ್ರ ಕೊರೆಯದೆ ತಿರುಪು ಹಾಕಲೇಬೇಡಿ. ಹಿತ್ತಾಳೆ ತಿರುಪಾದರೆ ಮೊದಲು ಅದೇ ಅಳತೆಯ ಉಕ್ಕಿನ ತಿರುಪಿನಿಂದ ದಾರಿ ಮಾಡಿ, ಅದನ್ನು ಬಿಚ್ಚಿ, ಹಿತ್ತಾಳೆಯದಕ್ಕೆ ಸೋಪು ಸವರಿ ಕೂರಿಸಬೇಕು. ಇಲ್ಲವಾದರೆ ತಲೆ ಮುರಿದು ಕಾಂಡ ಒಳಗೇ ಉಳಿಯುತ್ತದೆ. ಇಷ್ಟು ಗಟ್ಟಿ ಮರ ಅಂಟನ್ನು ಹೀರುವುದು ಕಡಿಮೆಯಾದ್ದರಿಂದ, ಚೌಕಟ್ಟಿನ ಮೂಲೆಗಳಿಗೆ ಕುಳಿ ತೋಡಿ ನಾಲಗೆ ಕೂರಿಸಿ ಮರದ ಗೂಟ ಹೊಡೆಯುವ ಹಳೆಯ ಕ್ರಮವೇ ವಾಸಿ.

ಹಿರಿಯೂರು ಕಡೆಯ ಹಿರಿಯರೊಬ್ಬರು:
ನಮ್ಮ ತಂದೆ ಗಾಡಿ, ಕೂರಿಗೆ, ಗಾಣದ ಕೆಲಸ ಮಾಡುತ್ತಿದ್ದರು. ಕಮರ ಹಸಿಯಾಗಿದ್ದಾಗ ಬಾಚಿಗೆ ಬಗ್ಗುತ್ತದೆ, ಒಣಗಿದ ಮೇಲೆ ಬಾಚಿಯನ್ನೇ ಬಗ್ಗಿಸುತ್ತದೆ ಎಂದು ಅವರು ಹೇಳುತ್ತಿದ್ದರು. ಹಾಗಾಗಿ ಹಸಿಯಲ್ಲೇ ಒರಟಾಗಿ ರೂಪ ಕೊಟ್ಟು, ತುದಿಗಳಿಗೆ ಸಗಣಿ ಬೆರೆಸಿದ ಕೆಮ್ಮಣ್ಣು ಮೆತ್ತಿ, ಗಾಳಿ ನೇರವಾಗಿ ಬೀಸದ ನೆರಳಿನಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅವಸರದಿಂದ ಬಿಸಿಲಿಗೆ ಹಾಕಿದ ದಿಮ್ಮಿ ತುದಿಯಿಂದ ಸೀಳುತ್ತದೆ. ನಿಮ್ಮ ತೊಲೆಗಳು ತಲೆಮಾರುಗಳ ಕಾಲ ಸೂರಿನಡಿ ಒಣಗಿರುವುದರಿಂದ ಆ ಕಾಟ ಹೆಚ್ಚಿರದು. ಆದರೂ ಹೊಸದಾಗಿ ಕೊಯ್ದ ತುದಿಗಳಿಗೆ ಅಂದೇ ಮೇಣ ಸವರಿ. ಚೇಗಿಗೆ ಗೆದ್ದಲು ಸುಲಭವಾಗಿ ತಗಲುವುದಿಲ್ಲ, ಅಂಚಿನ ಬಿಳಿ ಭಾಗಕ್ಕೆ ಆ ಗುಣವಿಲ್ಲ, ಅದನ್ನು ಕೆತ್ತಿಸಿಬಿಡಿ. ಅಂದಹಾಗೆ, ಇದರ ತೊಗಟೆಯ ನಾರಿನಿಂದ ಹಗ್ಗವನ್ನೂ ಹೊಸೆಯುತ್ತಿದ್ದರು.

ದಾವಣಗೆರೆಯಿಂದ ಪೀಠೋಪಕರಣ ಮಾಡುವವರೊಬ್ಬರು:
ಮೇಜಿನ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಆರಡಿಗೆ ಮೂರಡಿಯ, ಒಂದೂವರೆ ಇಂಚು ದಪ್ಪದ ಹಲಗೆಯೊಂದೇ ಎಪ್ಪತ್ತು ಕೆ.ಜಿ. ಸಮೀಪಿಸುತ್ತದೆ, ಮನೆ ಗುಡಿಸುವವರು ಅದನ್ನು ಸರಿಸಲಾರರು. ಮೇಲೆ ತೇಗ ಹಾಕಿಸಿ, ಕಾಲುಗಳನ್ನು ಮಾತ್ರ ಕಮರದಲ್ಲಿ ಮಾಡಿಸಿ. ತಮಿಳುನಾಡಿನ ನರಸಿಂಗಂಪೇಟ್ಟೈಯಲ್ಲಿ ನಾದಸ್ವರ ಮಾಡುವವರು ಇದೇ ಮರವನ್ನು ಆಚಾ ಎಂದು ಕರೆಯುತ್ತಾರೆ, ಅದರಲ್ಲಿಯೂ ಹಳೆಯ ಮನೆಗಳಿಂದ ಬಿಚ್ಚಿದ ತೊಲೆಗಳನ್ನೇ ಹುಡುಕಿ ಕೊಳ್ಳುತ್ತಾರೆ. ಆದ್ದರಿಂದ ಮೊಳಕೈ ಉದ್ದದ ತುಂಡು ಉಳಿದರೂ ಸೌದೆಗೆ ಹಾಕಬೇಡಿ. ತೊಲೆಗಳನ್ನು ಬೇರೆ ಊರಿಗೆ ಲಾರಿಯಲ್ಲಿ ಸಾಗಿಸುವುದಾದರೆ, ಮನೆ ಬಿಚ್ಚಿದ ಫೋಟೋಗಳೊಡನೆ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಹೊಳಲ್ಕೆರೆಯವರು, ಎರಡು ತಿಂಗಳ ನಂತರ:
ಎಲ್ಲರಿಗೂ ಧನ್ಯವಾದಗಳು. ಚೂರು ನೀರಿನಲ್ಲಿ ಮುಳುಗಿತು. ಐದು ತೊಲೆಗಳಿಂದ ಒಟ್ಟು ಮೂವತ್ತೊಂದು ಮೊಳೆಗಳು ಹೊರಬಂದವು. ಆರನೆಯದರ ಒಂದು ತುದಿ ಗೋಡೆಯ ತೇವಕ್ಕೆ ಮೆತ್ತಗಾಗಿದ್ದರಿಂದ ಎರಡಡಿ ಕತ್ತರಿಸಬೇಕಾಯಿತು. ಹೊಸ್ತಿಲು ಮತ್ತು ಚೌಕಟ್ಟು ಮುಗಿದಿವೆ, ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ಸಲ ಹಚ್ಚಿದ್ದೇವೆ. ಮೇಜಿನ ಕಾಲುಗಳನ್ನು ಕೆರೆಯಲು ನಮ್ಮ ಬಡಗಿ ಮನೆಯ ಹಳೆಯ ಕಿಟಕಿಯ ಗಾಜನ್ನೇ ಒಡೆದುಕೊಂಡಿದ್ದಾರೆ.