ಅಪ್‌ಡೇಟ್: ಪವರ್ ಬಿಐ, ಅಜೂರ್ ಲಾಗಿನ್ ಸಮಸ್ಯೆ ಬಗೆಹರಿಯಿತು

ಸೋಮವಾರಪೇಟೆಯ ನಮ್ಮ ಕಾಫಿ ತೋಟದ ಲೆಕ್ಕದ ರಿಪೋರ್ಟ್ ಪವರ್ ಬಿಐನಲ್ಲಿ (ಮೈಕ್ರೋಸಾಫ್ಟ್‌ನ ರಿಪೋರ್ಟ್ ತಂತ್ರಾಂಶ) ತೆರೆಯುತ್ತಿಲ್ಲ, ಆ ಲೆಕ್ಕವಿರುವ ಅಜೂರ್ ಎಸ್‌ಕ್ಯೂಎಲ್‌ಗೆ (ಮೈಕ್ರೋಸಾಫ್ಟ್‌ನ ಕ್ಲೌಡ್ ಡೇಟಾಬೇಸ್) ಲಾಗಿನ್ ಆಗುತ್ತಿಲ್ಲ ಎಂದು ಕಳೆದ ವಾರ ಕೇಳಿದ್ದೆ. ಈಗ ಸರಿಹೋಗಿದೆ.

ತೊಂದರೆ ಎರಡಿತ್ತು. ಮೊದಲನೆಯದು 40615 ಎಂಬ ಎರರ್, ಅಂದರೆ ನಮ್ಮ ಐಪಿಗೆ (ಇಂಟರ್ನೆಟ್ ವಿಳಾಸಕ್ಕೆ) ಸರ್ವರ್‌ನಲ್ಲಿ ಅನುಮತಿ ಇಲ್ಲ: ಮಳೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ ನಮ್ಮ ಐಪಿ ಬದಲಾಗುತ್ತಿತ್ತು, ಅಜೂರ್‌ನ ಫೈರ್‌ವಾಲ್‌ನಲ್ಲಿ (ಯಾವ ಐಪಿಗಳನ್ನು ಒಳಗೆ ಬಿಡಬೇಕೆಂಬ ಪಟ್ಟಿ) ಇದ್ದದ್ದು ಹಳೆಯದು. ಹೊಸದನ್ನು ಸೇರಿಸಿ ಐದು ನಿಮಿಷ ಕಾದೆ. ಆಮೇಲೆ ಎರಡನೆಯದು: 18456, ಅಂದರೆ ಲಾಗಿನ್ ವಿಫಲ ಎಂಬ ಎರರ್. ಎರಡು ದಿನ ಪಾಸ್‌ವರ್ಡ್ ಬದಲಿಸುತ್ತಲೇ ಕೂತೆ; ಪಾಸ್‌ವರ್ಡ್ ಸರಿಯಾಗಿಯೇ ಇತ್ತು! ನಮ್ಮ ಯೂಸರ್ ಇದ್ದದ್ದು ಒಂದೇ ಡೇಟಾಬೇಸ್‌ನೊಳಗೆ. ಡೇಟಾಬೇಸ್ ಹೆಸರಿನ ಜಾಗ ಖಾಲಿ ಬಿಟ್ಟರೆ ಲಾಗಿನ್ ಸರ್ವರ್‌ನ ಮುಖ್ಯ ಡೇಟಾಬೇಸ್ ಆದ ಮಾಸ್ಟರ್‌ಗೆ ಹೋಗುತ್ತದೆ, ಅಲ್ಲಿ ಆ ಯೂಸರೇ ಇಲ್ಲ. ಹೆಸರು ತುಂಬಿದ ಕೂಡಲೇ ತೆರೆಯಿತು.

ಆ ಖಾಲಿ ಜಾಗ ನೋಡಲು ಹೇಳಿದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಸ್ಟ್ಯಾಟಿಕ್ (ಬದಲಾಗದ) ಐಪಿಗೆ ಅರ್ಜಿ ಹಾಕಿದ್ದೇನೆ.