ಗುಡ್ಡಕ್ಕೆ ಹಚ್ಚಿದ ಬಣ್ಣದ ಪುಡಿ ನಿಲ್ತಿಲ್ಲ

ಕಲಬುರಗಿ ಹುಡುಗ: 1:87 ಅಳತೆಯ ಮಾಡೆಲ್ ರೈಲಿಗೆ ಪಿಒಪಿಯಲ್ಲಿ ಬೀದರ್ ಕಡೆಯ ಕೆಂಪು ಗುಡ್ಡ ಮಾಡಿದ್ದೇನೆ. ರೆಡ್ ಆಕ್ಸೈಡ್ ಪುಡಿಯನ್ನು ಬ್ರಷ್‌ನಲ್ಲಿ ಹಾಗೇ ಉಜ್ಜಿದೆ, ಚೆಂದ ಕಂಡಿತು, ಆದರೆ ವಾರ್ನಿಶ್ ಸ್ಪ್ರೇ ಹೊಡೆದ ಕೂಡಲೇ ಅರ್ಧ ಬಣ್ಣ ಮಾಯ! ಏನು ಮಾಡಲಿ ಅಣ್ಣಾ?

ವಾಡಿ ಜಂಕ್ಷನ್: ತೀರಾ ಹತ್ತಿರದಿಂದ ಹೊಡೆದಿದ್ದೀರಿ ಅಲ್ವಾ? ಒಂದಡಿ ದೂರದಿಂದ ತೆಳ್ಳಗೆ ಎರಡು ಮೂರು ಸಲ, ಅದೂ ಮ್ಯಾಟ್ ವಾರ್ನಿಶ್. ಪುಡಿ ಮೊದಲೇ ಸ್ವಲ್ಪ ಜಾಸ್ತಿ ಇರಲಿ. ಬರೀ ಕೆಂಪು ಹಚ್ಚಿದರೆ ಹೊಸ ಹೆಂಚಿನ ಹಾಗೆ ಕಾಣುತ್ತೆ. ಬೀದರ್ ಜಂಬಿಟ್ಟಿಗೆಯಲ್ಲಿ ತೂತುಗಳಿರುತ್ತವೆ ನೋಡಿ, ಅದರೊಳಗೆ ಕಪ್ಪು ಪುಡಿ, ಅಂಚಿಗೆ ಹಳದಿ ಆಕ್ಸೈಡ್.

ಶಹಾಬಾದ್ ಕಲ್ಲು: ನಾನು ವಾರ್ನಿಶ್ ತಂಟೆಗೇ ಹೋಗಲ್ಲ. ಪುಡಿ ಉದುರಿಸಿ, ಮೇಲೆ ಡ್ರಾಪರ್‌ನಿಂದ ಐಸೊಪ್ರೊಪಿಲ್ ಆಲ್ಕೋಹಾಲ್ ಹನಿಸುತ್ತೇನೆ, ಸಂದಿಗೆಲ್ಲ ಇಳಿಯುತ್ತೆ. ಪದೇ ಪದೇ ಮುಟ್ಟೋ ಜಾಗಕ್ಕೆ ಇದು ಸಾಲದು. ಮಾಸ್ಕ್ ಹಾಕಿ, ಫ್ಯಾನ್ ಆರಿಸಿ. ನಾನು ಮರೆತಿದ್ದೆ, ಮಂಚದ ಮೇಲಿನ ಬಿಳಿ ಚಾದರ ಇನ್ನೂ ಕೆಂಪಗಿದೆ.